ಫುಚುನ್ ಬೆಟ್ಟಗಳ ಮುದ್ರಿತ ಸುರುಳಿ: ನಕಲು ಕಲಿಯುವವರಿಗೆ

ಚೀನಾದ ಚಿತ್ರಕಾರ ಹುವಾಂಗ್ ಗೋಂಗ್‌ವಾಂಗ್ ಬಿಡಿಸಿ, 1350ರಲ್ಲಿ ಟಿಪ್ಪಣಿ ಬರೆದ ಫುಚುನ್ ಬೆಟ್ಟಗಳ ಚಿತ್ರದ ಮೂಲ ಅಳತೆಯ ಮುದ್ರಣವಿದು. ಎತ್ತರ ಸುಮಾರು 33 ಸೆಂ.ಮೀ., ಉದ್ದ ಆರು ಮೀಟರಿಗೂ ಹೆಚ್ಚು. ಅಳತೆ ಕುಗ್ಗಿಸದಿರುವುದೇ ಇದರ ದೊಡ್ಡ ಗುಣ: ಕುಂಚವನ್ನು ಎಷ್ಟು ಒತ್ತಬೇಕೆಂದು ಸಣ್ಣ ಪಟದಿಂದ ತಿಳಿಯದು.

ಬೆಟ್ಟದ ಮೈಯಲ್ಲಿರುವ ನಾರಿನಂಥ ಉದ್ದ ಗೀಟುಗಳನ್ನೇ ಮೊದಲು ಹಿಡಿಯಿರಿ. ತೆಳು ಮಸಿ, ಅರೆ ಒಣಗಿದ ಕುಂಚ. ಅದು ಆರಿದ ಮೇಲೆ ಗಾಢ ಗೀಟು, ಕಡೆಗೆ ಚುಕ್ಕೆ. ಮುದ್ರಣ ಸೋಲುವುದೂ ಇಲ್ಲೇ. ಒಣ ಕುಂಚ ಬಿಟ್ಟ ಬಿಳಿ ಎಳೆಗಳು ಕೆಲವೆಡೆ ಬೂದು ಬಣ್ಣದ ತೇಪೆಯಾಗಿವೆ. ಅದನ್ನು ನಂಬಿ ನೀರುಮಸಿ ಬಳಿದರೆ, ಅಂಟು ಹಚ್ಚದ ಷುವಾನ್ ಕಾಗದದಲ್ಲಿ (ಮಸಿ ಹೀರುವ ಚೀನೀ ಚಿತ್ರಕಾಗದ) ಹರಡಿ ಬೆಟ್ಟ ಊದಿಕೊಳ್ಳುತ್ತದೆ.

ಮೇಲೆ ಕಾಗದವಿಟ್ಟು ತಿದ್ದಿದರೆ ಆಕಾರ ಬರುತ್ತದೆ, ಕೈವೇಗ ಬರುವುದಿಲ್ಲ. ಪಕ್ಕದಲ್ಲಿಟ್ಟು ಬರೆದು, ಆಮೇಲೆ ಸುರುಳಿ ಮುಚ್ಚಿ ನೆನಪಿನಿಂದ ಬರೆಯಿರಿ. ಒಮ್ಮೆ ತನ್ನ ಬಳಿಯಿದ್ದ ಈ ಚಿತ್ರ ಕೈತಪ್ಪಿದ ಮೇಲೆ ಚಿತ್ರಕಾರ ಶೆನ್ ಝೌ 1487ರಲ್ಲಿ ನೆನಪಿನಿಂದ ಬರೆದದ್ದೂ ಹೀಗೆಯೇ. ಅವನದು ಪಡಿಯಚ್ಚಲ್ಲ, ಅವನದೇ ಕೈ ಅದರಲ್ಲಿ ಕಾಣುತ್ತದೆ.

1650ರ ಬೆಂಕಿಯಲ್ಲಿ ತುಂಡಾದ ಮೊದಲ ಭಾಗ ಹಾಂಗ್‌ಝೌನಲ್ಲಿದೆ, ಉದ್ದ ಭಾಗ ತೈಪೆಯಲ್ಲಿ. ಇಲ್ಲಿ ಮುದ್ರಿಸಿರುವುದು ಉದ್ದ ಭಾಗ ಮಾತ್ರ. ಪೆಟ್ಟಿಗೆಯ ಮೇಲೆ ‘ಸಂಪೂರ್ಣ’ ಎಂದು ಹಾಕಿದ್ದು ಅತಿಯಾಯಿತು.