ಡ್ರಿಪ್ಪೋ, ಸಿಪ್ಪೆ ಮುಚ್ಚಿಗೆಯೋ? ಎರಡನ್ನೂ ಮಾಡಿ ನೋಡಿದೆವು

ತಿಪಟೂರು ಕಡೆ ನಮ್ಮದು ಎರಡು ಎಕರೆ ತೆಂಗಿನ ತೋಟ. ನೂರು ಚಿಲ್ಲರೆ ಮರ, ಬೋರಿನಲ್ಲಿ ಒಂದೂವರೆ ಇಂಚು ನೀರು. ಕಾಲುವೆಯಲ್ಲಿ ಹಾಯಿಸಿದರೆ ಬೇಸಿಗೆಯಲ್ಲಿ ಕೊನೆಯ ಸಾಲಿಗೆ ಮುಟ್ಟುತ್ತಲೇ ಇರಲಿಲ್ಲ. ಅದಕ್ಕೇ ನಾಲ್ಕು ವರ್ಷದ ಹಿಂದೆ ಒಂದು ಎಕರೆಗೆ ಡ್ರಿಪ್ (ಹನಿ ನೀರಾವರಿ) ಹಾಕಿಸಿದೆವು. ಇನ್ನೊಂದು ಎಕರೆಯಲ್ಲಿ ಬುಡಕ್ಕೆ ತೆಂಗಿನಕಾಯಿ ಸಿಪ್ಪೆ, ಗರಿ ಮುಚ್ಚಿ, ಸಗಣಿ ಗಂಜಲದಿಂದ ಮಾಡುವ ಜೀವಾಮೃತ ಕೊಡುತ್ತಾ ಬಂದೆವು.

ಡ್ರಿಪ್‌ಗೆ ಶೇ 90 ಸಹಾಯಧನ ಇದೆ ಅಂತ ಧೈರ್ಯ ಮಾಡಿದ್ದು. ಆದರೆ ಆ 90 ಲೆಕ್ಕ ಹಾಕುವುದು ಇಲಾಖೆ ಗೊತ್ತು ಮಾಡಿದ ದರದ ಮೇಲೆ, ನಮ್ಮ ಕೈಗೆ ಬಂದ ಬಿಲ್ಲಿನ ಮೇಲಲ್ಲ. ಪೈಪ್ ಹೂಳಲು ಗುಂಡಿ ತೆಗೆಸಿದ್ದು, ಕೂಲಿ, ಎಲ್ಲಾ ನಮ್ಮದೇ. ಅದಕ್ಕಿಂತ ದೊಡ್ಡ ತೊಡಕು ಪಹಣಿ. ಅದು ಇನ್ನೂ ತಾತನ ಹೆಸರಲ್ಲೇ ಇತ್ತು. ವಂಶವೃಕ್ಷ ಮಾಡಿಸಿ, ಚಿಕ್ಕಪ್ಪಂದಿರ ಸಹಿ ಹಾಕಿಸಿ ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗುವಷ್ಟರಲ್ಲಿ ಎಂಟು ತಿಂಗಳು. ಹೆಸರಿಗೆ ಪಹಣಿ ಇಲ್ಲದಿದ್ದರೆ ಸಹಾಯಧನದ ಅರ್ಜಿಯೂ ಇಲ್ಲ, ಸೊಸೈಟಿಯ ಬಡ್ಡಿ ಇಲ್ಲದ ಸಾಲವೂ ಇಲ್ಲ.

ಕೊನೆಗೆ ನಮ್ಮ ಪಾಲಿನ ದುಡ್ಡು ಕಟ್ಟಬೇಕಾಗಿ ಬಂದದ್ದು ಮೇ ತಿಂಗಳಲ್ಲಿ. ಆಗ ನಮ್ಮ ದುಡ್ಡೆಲ್ಲಾ ಅಟ್ಟದ ಮೇಲಿತ್ತು! ಉಂಡೆ ಕೊಬ್ಬರಿ ಆಗಲು ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು ಅಲ್ವಾ. ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದೆವು. ಡ್ರಿಪ್ ದುಬಾರಿ ಅಂತ ನಾನು ಹೇಳಲ್ಲ. ಅದು ದುಡ್ಡು ಕೇಳುವ ಹೊತ್ತಿಗೂ ನಮ್ಮ ಕೈಗೆ ದುಡ್ಡು ಬರುವ ಹೊತ್ತಿಗೂ ತಾಳೆಯಾಗಲಿಲ್ಲ. ಸಣ್ಣ ಹಿಡುವಳಿಯವರು ಸೋಲುವುದು ಇಲ್ಲೇ.

ಸಿಪ್ಪೆಗೆ ಖರ್ಚೇ ಇಲ್ಲ ಅನ್ನುವ ಮಾತೂ ಸರಿಯಲ್ಲ. ಒಂದು ಮರದ ಬುಡಕ್ಕೆ ಸುಮಾರು 250 ಸಿಪ್ಪೆ ಹಿಡಿಯಿತು. ನಮ್ಮ ಮರ ವರ್ಷಕ್ಕೆ ಕೊಡುವುದು 80, 90 ಕಾಯಿ. ಅಂದರೆ ಒಂದು ಬುಡ ಮುಚ್ಚಲು ಮೂರು ಮರದ ಇಡೀ ವರ್ಷದ ಸಿಪ್ಪೆ ಬೇಕು. ಅದನ್ನೇ ನಾರಿನ ಫ್ಯಾಕ್ಟರಿಗೆ ಹಾಕಿದ್ದರೆ ಮಕ್ಕಳ ಸ್ಕೂಲ್ ಫೀಸಿಗೆ ಆಗುತ್ತಿತ್ತು. ಅಮ್ಮ ಅದನ್ನು ಪ್ರತಿ ವರ್ಷ ನೆನಪಿಸುತ್ತಾರೆ, ಅವರ ಮಾತು ನಿಜವೇ. ಜೀವಾಮೃತವೂ ಅಷ್ಟೆ. 200 ಲೀಟರ್ ಡ್ರಮ್ಮಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಬೆಲ್ಲ, ಹಿಟ್ಟು ದೊಡ್ಡ ಖರ್ಚಲ್ಲ. ಹಸುವಿಗೆ ಬೇಸಿಗೆಯಲ್ಲಿ ಹುಲ್ಲು ಕೊಳ್ಳುವುದೇ ಖರ್ಚು.

ಆದರೂ ಇದನ್ನು ಒಂದೊಂದು ಸಾಲಾಗಿ ಮಾಡಬಹುದು. ಕಾಯಿ ಸುಲಿದ ವರ್ಷ ಇಷ್ಟು, ಮುಂದಿನ ವರ್ಷ ಇನ್ನಷ್ಟು. ಸಾಲ ಬೇಡ, ಸಹಿ ಬೇಡ. ಸಿಪ್ಪೆಯನ್ನು ಬೆನ್ನು ಮೇಲಾಗಿ ಜೋಡಿಸಬೇಕು. ಏಪ್ರಿಲ್‌ನಲ್ಲಿ ಒಂದನ್ನು ಎತ್ತಿ ನೋಡಿದೆ. ಕೆಳಗೆ ಮಣ್ಣು ಕಪ್ಪಗೆ, ತಣ್ಣಗೆ. ಬೆರಳು ಸಲೀಸಾಗಿ ಇಳಿಯಿತು, ಎಳೆ ಬೇರು ಮೇಲೆಯೇ ಹರಡಿತ್ತು. ಡ್ರಿಪ್ ಇರುವ ಕಡೆ ತೊಟ್ಟಿಕ್ಕುವ ಜಾಗ ಬಿಟ್ಟು ಎರಡಡಿ ಆಚೆ ಮಣ್ಣು ಕಲ್ಲಿನಂತಿತ್ತು. ನಮ್ಮ ಗಡುಸು ನೀರಿಗೆ ಡ್ರಿಪ್ಪರ್ ಬಾಯಿ ಬಿಳಿ ಉಪ್ಪುಗಟ್ಟಿ ಮುಚ್ಚುತ್ತದೆ. ಪಿನ್ ಚುಚ್ಚುತ್ತಾ ಓಡಾಡಬೇಕು.

ನೀರಿನ ಉಳಿತಾಯದಲ್ಲಿ ಮಾತ್ರ ಡ್ರಿಪ್ ಗೆದ್ದಿತು, ಅನುಮಾನವೇ ಇಲ್ಲ. ಕೊನೆಯ ಸಾಲಿನ ಮರ ಉಳಿದದ್ದು ಅದರಿಂದಲೇ. ಬೋರು ತೀರಾ ಸಣ್ಣಗಿದ್ದರೆ ಬರೀ ಸಿಪ್ಪೆ ನಂಬಿ ಕೂರಬೇಡಿ.

ಈಗ ಶುರು ಮಾಡುವುದಾದರೆ ನಾನು ಮೊದಲು ಪಹಣಿ ಸರಿ ಮಾಡಿಸುತ್ತೇನೆ. ಅದು ಆಗುವವರೆಗೆ ಸುಮ್ನೆ ಕೂರದೆ ಸಿಪ್ಪೆ ಹಾಕುತ್ತೇನೆ. ಕೊಬ್ಬರಿ ಮಾರಿದ ತಿಂಗಳು ಡ್ರಿಪ್‌ಗೆ ದುಡ್ಡು ಎತ್ತಿಡುತ್ತೇನೆ. ಈ ಸಲ ಕಾಯಿ ಸುಲಿದಿದ್ದೇವೆ. ಅರ್ಧ ಸಿಪ್ಪೆ ಫ್ಯಾಕ್ಟರಿಗೆ, ಅರ್ಧ ಡ್ರಿಪ್ ಇರುವ ಮರಗಳ ಬುಡಕ್ಕೆ. ಇದಕ್ಕೆ ಅಮ್ಮನೂ ಒಪ್ಪಿದ್ದಾರೆ.