ಸ್ಟ್ರಾಬೆರಿ ಪೇಸ್ಟು: ರುಚಿಯೇ ಇದರ ತೊಂದರೆ

ಹಾಸನದ ಬಿ.ಎಂ. ರಸ್ತೆಯ ಒಂದು ಮೆಡಿಕಲ್‌ನಲ್ಲಿ ನಾಲ್ಕು ವರ್ಷದ ಮಗಳಿಗೆ ಅಂತ ತಂದ ಪೇಸ್ಟ್ ಇದು. ಹೆಸರು ಬೇಡ ಬಿಡಿ. ಹಲ್ಲು ಚೆನ್ನಾಗಿ ಕ್ಲೀನ್ ಆಗುತ್ತದೆ, ಖಾರ ಇಲ್ಲ. ಮೊದಲೆಲ್ಲ ಬ್ರಷ್ ಕಂಡರೆ ಮಂಚದ ಕೆಳಗೆ ಓಡುತ್ತಿದ್ದವಳು ಈಗ ತಾನೇ ಬಂದು ಬಾಯಿ ತೆರೆಯುತ್ತಾಳೆ.

ತಾಪತ್ರಯ ಇರುವುದು ಟ್ಯೂಬಿನ ಬಾಯಲ್ಲಿ. ಸ್ವಲ್ಪ ಒತ್ತಿದರೂ ಬ್ರಷ್ ಉದ್ದಕ್ಕೂ ಬಂದು ಮಲಗುತ್ತದೆ. ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು, ಮೂರರ ಒಳಗಿನವರಿಗೆ ಅಕ್ಕಿ ಕಾಳಿನಷ್ಟು. ಇದರಲ್ಲಿ ಫ್ಲೋರೈಡ್ 1000 ಪಿಪಿಎಂ. ಅಂದರೆ ಒಂದು ಗ್ರಾಂ ಪೇಸ್ಟಿಗೆ ಒಂದು ಮಿಲಿಗ್ರಾಂ. ಹುಳುಕು ತಡೆಯೋದಕ್ಕೆ ಅದು ಬೇಕೇ ಬೇಕು. ಆದರೆ ಈ ವಯಸ್ಸಲ್ಲಿ ಒಸಡಿನೊಳಗೆ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ದಿನಾ ಜಾಸ್ತಿ ನುಂಗಿದರೆ ಆಮೇಲೆ ಬರುವ ಹಲ್ಲಿನ ಮೇಲೆ ಬಿಳಿ ಮಚ್ಚೆ ಬೀಳಬಹುದು.

ನಮ್ಮವಳೋ, ಉಗಿ ಅಂದರೆ ನಗುತ್ತಾ ನುಂಗುತ್ತಾಳೆ. ಐಸ್‌ಕ್ರೀಮ್ ಥರ ಇದ್ದರೆ ಇನ್ನೇನು ಮಾಡ್ತಾಳೆ, ಅಲ್ವಾ? ಒಂದಿನ ಮುಚ್ಚಳ ತೆಗೆದು ಬೆರಳಲ್ಲಿ ನೆಕ್ಕುತ್ತಿದ್ದಳು. ಅವತ್ತಿನಿಂದ ಟ್ಯೂಬು ಕನ್ನಡಿ ಹಿಂದಿನ ಮೇಲಿನ ಗೂಡಲ್ಲಿ. ನಮ್ಮತ್ತೆ 'ಬೂದಿಯಲ್ಲೇ ಉಜ್ಜಿ ನಾವೆಲ್ಲ ಬೆಳೀಲಿಲ್ವಾ' ಅಂತಾರೆ, ಸೆಟ್ಟು ಹಲ್ಲು ಹಾಕ್ಕೊಂಡೇ!

ಪಿಪಿಎಂ ಅಂಕಿಯನ್ನು ಟ್ಯೂಬಿನ ತುದಿಯಲ್ಲಿ ಇರುವೆ ಗಾತ್ರದಲ್ಲಿ ಹಾಕಿದ್ದಾರೆ. ಐದಕ್ಕೆ ಮೂರು ಸ್ಟಾರ್. ಇನ್ನೊಂದು ಟ್ಯೂಬು ತರ್ತೀನಿ, ಆದರೆ ಹಾಕಿಕೊಡೋದು ನಾನೇ.