ಶಿವಮೊಗ್ಗದ ಗೋದಾಮು ಸೇವೆ: ಎರಡು ಮಳೆಗಾಲ ಕಂಡ ಮೇಲೆ

ಸಾಗರದ ಬಳಿ ನಾವು ತಯಾರಿಸುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಶಿವಮೊಗ್ಗ–ಭದ್ರಾವತಿ ರಸ್ತೆಯ ಒಂದು ಖಾಸಗಿ ಗೋದಾಮಿನಲ್ಲಿಟ್ಟು, ಬೆಂಗಳೂರು, ಹುಬ್ಬಳ್ಳಿ, ಉಡುಪಿಯ ಅಂಗಡಿಗಳಿಗೆ ಅಲ್ಲಿಂದಲೇ ಕಳುಹಿಸಲು ತೊಡಗಿ ಎರಡು ಮಳೆಗಾಲ ಕಳೆದವು. ಸರಕು ನಮ್ಮದು, ಇಡುವುದು, ಎಣಿಸುವುದು, ಲಾರಿಗೆ ಹೇರಿ ತಲುಪಿಸುವುದು ಅವರ ಹೊಣೆ.

ಮೊದಲ ವರ್ಷ ಬೇಸರವೇ ಹೆಚ್ಚಾಗಿತ್ತು. ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ, ಬರೀ ನೆಲದ ಮೇಲೆ ಎಂಟರ ಎತ್ತರಕ್ಕೆ ಪೇರಿಸಿದ್ದರು. ಮಲೆನಾಡಿನ ಜುಲೈ ತಿಂಗಳ ಥಂಡಿಯನ್ನು ಹೀರಿದ ರಟ್ಟಿಗೆ ಕಸುವು ಉಳಿಯುವುದಿಲ್ಲ. ಅಡಿಯ ಪೆಟ್ಟಿಗೆಯ ಮೂಲೆ ಕುಸಿದು, ಮೇಲಿನ ಭಾರವೆಲ್ಲ ಗಾಜಿನ ಬಾಟಲಿಗಳ ಮೇಲೆ ಬಿತ್ತು. ನಾನು ಹೋದಾಗ ನೆಲದ ತುಂಬ ಉಪ್ಪುನೀರು, ಸಾಸಿವೆ ಖಾರ ಹರಡಿತ್ತು. ಹಮಾಲರು ಗೋಣಿತಾಟು ಹಾಸಿಕೊಂಡು ಓಡಾಡುತ್ತಿದ್ದರು. ಒಡೆದದ್ದಾದರೂ ಕಣ್ಣಿಗೆ ಕಂಡಿತು. ಹೊಸ ಸರಕು ಬಾಗಿಲ ಬಳಿ ಇಳಿದು ಅದೇ ಮೊದಲು ಹೊರಡುತ್ತಿದ್ದುದರಿಂದ, ಹಳೆಯ ಬ್ಯಾಚು ಒಳಗೇ ಕುಳಿತು ಅವಧಿ ಮೀರಿದ್ದು ನನಗೆ ತಿಳಿದದ್ದು ವರ್ಷದ ಲೆಕ್ಕ ನೋಡುವಾಗ.

ಹೊಸ ಮೇಲ್ವಿಚಾರಕರು ಬಂದ ಮೇಲೆ ಕ್ರಮ ಬದಲಾಗಿದೆ. ಈಗ ಪೆಟ್ಟಿಗೆಗಳು ಮರದ ಪ್ಯಾಲೆಟ್‌ಗಳ (ಅಡಿಹಲಗೆಗಳ) ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ಐದರ ಎತ್ತರಕ್ಕೆ ನಿಂತಿವೆ. ಪ್ರತಿ ಪ್ಯಾಲೆಟ್ಟಿಗೂ ಅವಧಿ ಮುಗಿಯುವ ತಿಂಗಳನ್ನು ದೊಡ್ಡ ಅಂಕಿಗಳಲ್ಲಿ ಬರೆದ ಚೀಟಿ ಇದ್ದು, ಬೇಗ ಮುಗಿಯುವ ಸರಕೇ ಮೊದಲು ಹೊರಡುತ್ತದೆ. ಬಾರ್‌ಕೋಡ್ ಯಂತ್ರವೂ ಬಂದಿದೆ; ಕರೆಂಟು ಹೋದ ಹೊತ್ತಿನಲ್ಲಿ ಹಮಾಲರು ನಂಬುವುದು ಆ ಚೀಟಿಯನ್ನೇ. ದಾಸ್ತಾನನ್ನು ವಾರಕ್ಕೆ ಒಂದು ಸಾಲಿನಂತೆ ಎಣಿಸಿ, ವ್ಯತ್ಯಾಸ ಕಂಡರೆ ಅಂದೇ ಫೋನ್ ಮಾಡುತ್ತಾರೆ. ಬಾಡಿಗೆ ಜಾಗದ ಲೆಕ್ಕದಲ್ಲಿರುವುದರಿಂದ, ಎತ್ತರ ಇಳಿಸಿದ್ದಕ್ಕೆ ನಾನು ಹೆಚ್ಚು ತೆರುತ್ತಿದ್ದೇನೆ. ಅದರ ಬಗ್ಗೆ ತಕರಾರಿಲ್ಲ. ಒಡೆದ ಬಾಟಲಿಯ ಲೆಕ್ಕ ನನ್ನ ಬಳಿ ಇದೆ.

ರವಾನೆಯೂ ಚುರುಕಾಗಿದೆ. 50,000 ರೂಪಾಯಿ ಮೀರಿದ ಸರಕಿಗೆ ಬೇಕಾದ ಇ-ವೇ ಬಿಲ್ಲನ್ನು (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ) ಹಿಂದೆ ಲಾರಿ ಬಂದು ನಿಂತ ಮೇಲೆ ಮಾಡಲು ಕೂರುತ್ತಿದ್ದರು. ಈಗ ಸರಕಿನ ವಿವರವಿರುವ ಮೊದಲ ಭಾಗವನ್ನು ಬೆಳಿಗ್ಗೆಯೇ ತುಂಬಿಟ್ಟು, ಲಾರಿ ಬಂದೊಡನೆ ಅದರ ಸಂಖ್ಯೆಯನ್ನಷ್ಟೇ ಸೇರಿಸುತ್ತಾರೆ.

ಘಟ್ಟದ ಕೆಳಗಿನ ರವಾನೆ ಮಾತ್ರ ಇನ್ನೂ ಸುಧಾರಿಸಿಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳನ್ನು ನಿರ್ಬಂಧಿಸುವುದು ಹೊಸತೇನಲ್ಲ. ಉಡುಪಿಯ ಸರಕನ್ನು ಮುಂಚೆಯೇ ಬೇರ್ಪಡಿಸಿ ಸಣ್ಣ ಗಾಡಿಗೆ ಹೇರಬಹುದಿತ್ತು, ಅದಾಗದಿದ್ದರೆ ನಮಗೊಂದು ಮಾತು ತಿಳಿಸಬಹುದಿತ್ತು. ಈ ಸಲ ನಮ್ಮ ನಲವತ್ತು ಪೆಟ್ಟಿಗೆಗಳು ಮೂರು ದಿನ ಗೋದಾಮಿನಲ್ಲೇ ಉಳಿದಿದ್ದವೆಂಬುದನ್ನು ನಾನು ಕೇಳಿದ್ದು ಉಡುಪಿಯ ಅಂಗಡಿಯವರ ಬಾಯಿಂದ.